ಮನೆಯ ಅರಬ್ಬಿ, ಮಸೀದಿಯ ಅರಬ್ಬಿ: ಯಾವ ಮಾತು ಎಲ್ಲಿ, ಯಾರೊಡನೆ?

ಅರಬ್ಬಿ ತಮ್ಮ ತಾಯ್ನುಡಿ ಎಂದು ಹೇಳಿಕೊಳ್ಳುವವರು 30 ಕೋಟಿಗೂ ಹೆಚ್ಚು. ಆದರೆ ಪತ್ರಿಕೆಗಳಲ್ಲಿ ಅಚ್ಚಾಗುವ, ಸುದ್ದಿವಾಚಕರು ಓದುವ ಅರಬ್ಬಿಯನ್ನು ತಾಯಿಯ ಮಡಿಲಲ್ಲೇ ಕಲಿತವರು ಅವರಲ್ಲಿ ಇಲ್ಲವೆಂದೇ ಹೇಳಬೇಕು. ಮಗು ಮನೆಯಲ್ಲಿ ಕಲಿಯುವುದು ಆಯಾ ನಾಡಿನ, ಎಷ್ಟೋ ಸಲ ಆಯಾ ಊರಿನ ಆಡುಮಾತನ್ನು. ಆರನೆಯ ವಯಸ್ಸಿನ ಸುಮಾರಿಗೆ ಶಾಲೆಯ ಬೆಂಚಿನ ಮೇಲೆ ಕುಳಿತಾಗ ಇನ್ನೊಂದು ಅರಬ್ಬಿ ಎದುರಾಗುತ್ತದೆ. ಅದರ ಹೆಸರು ಫುಸ್‌ಹಾ. ಆಡುಮಾತನ್ನು ಈಜಿಪ್ಟಿನಲ್ಲೂ ಅದರ ಪೂರ್ವದ ನಾಡುಗಳಲ್ಲೂ ಆಮ್ಮಿಯ್ಯಾ ಎನ್ನುತ್ತಾರೆ. ಮೊರಾಕ್ಕೊ, ಅಲ್ಜೀರಿಯಾ, ಟ್ಯುನೀಷಿಯಾಗಳಲ್ಲಿ ದಾರಿಜಾ ಎನ್ನುತ್ತಾರೆ. ಓದುಬರಹ ಬಲ್ಲ ಪ್ರತಿಯೊಬ್ಬ ಅರಬ್ಬನೂ ಇವೆರಡರ ನಡುವೆ ದಿನವಿಡೀ ಓಡಾಡುತ್ತಲೇ ಇರುತ್ತಾನೆ. ಎಲ್ಲಿ ಯಾವುದನ್ನು ಆಡಬೇಕು ಎಂಬುದನ್ನು ವ್ಯಾಕರಣ ಪುಸ್ತಕ ಹೇಳಿಕೊಡುವುದಿಲ್ಲ, ಸಮಾಜವೇ ಹೇಳಿಕೊಡುತ್ತದೆ.

ಎರಡರ ನಡುವಿನ ಅಂತರ ಉಚ್ಚಾರದ ಸಣ್ಣಪುಟ್ಟ ವ್ಯತ್ಯಾಸಕ್ಕೆ ನಿಲ್ಲುವುದಿಲ್ಲ. ಫುಸ್‌ಹಾದಲ್ಲಿ ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳಿವೆ. ಕನ್ನಡಕ್ಕೂ ಬಂದಿರುವ ‘ಕಿತಾಬು’ ಅಲ್ಲಿ ಕರ್ತೃವಾದಾಗ ‘ಕಿತಾಬುನ್’, ಕರ್ಮವಾದಾಗ ‘ಕಿತಾಬನ್’, ಷಷ್ಠಿಯಲ್ಲಿ ‘ಕಿತಾಬಿನ್’. ಆಡುಮಾತುಗಳಲ್ಲಿ ಈ ಪ್ರತ್ಯಯಗಳೆಲ್ಲ ಉದುರಿಹೋಗಿ ಬರಿಯ ‘ಕಿತಾಬ್’ ಉಳಿದಿದೆ. ‘ಅವನು ಬರೆಯಲಿಲ್ಲ’ ಎನ್ನುವುದಕ್ಕೆ ಫುಸ್‌ಹಾದಲ್ಲಿ ‘ಲಮ್ ಯಕ್ತುಬ್’ ಎಂದರೆ ಕೈರೊದಲ್ಲಿ ‘ಮಾ ಕತಬ್ಶ್’. ದಿನಬಳಕೆಯ ಶಬ್ದಗಳಂತೂ ನಾಡಿನಿಂದ ನಾಡಿಗೆ ಬೇರೆ. ‘ಈಗ’ ಎನ್ನಲು ಫುಸ್‌ಹಾದಲ್ಲಿ ‘ಅಲ್-ಆನ್’. ಕೈರೊದವರು ‘ದಿಲ್ವಅತಿ’, ದಮಾಸ್ಕಸ್ಸಿನವರು ‘ಹಲ್ಲಅ’, ಬಾಗ್ದಾದಿನವರು ‘ಹಸ್ಸಾ’, ಕೊಲ್ಲಿಯವರು ‘ಅಲ್‌ಹೀನ್’, ಮೊರಾಕ್ಕೊದವರು ‘ದಾಬಾ’ ಎನ್ನುತ್ತಾರೆ. ಮೊರಾಕ್ಕೊದ ರೈತನೂ ಇರಾಕಿನ ಮೀನುಗಾರನೂ ತಂತಮ್ಮ ಆಡುಮಾತಿನಲ್ಲಿ ಬಿರಬಿರನೆ ಮಾತಾಡಿದರೆ ಒಬ್ಬರದು ಇನ್ನೊಬ್ಬರಿಗೆ ಬಹುಮಟ್ಟಿಗೆ ತಿಳಿಯುವುದಿಲ್ಲ.

ಈ ಇಬ್ಬಗೆಯ ಬೇರು ಬಹಳ ಹಳೆಯದು. ಕುರಾನಿನ ಭಾಷೆ, ಇಸ್ಲಾಂಪೂರ್ವ ಕಾವ್ಯದ ಭಾಷೆಗಳನ್ನು ಮಾದರಿಯಾಗಿಟ್ಟುಕೊಂಡು ಎಂಟನೆಯ ಶತಮಾನದಲ್ಲಿ ಬಸ್ರಾ ಮತ್ತು ಕೂಫಾ ನಗರಗಳ ವಿದ್ವಾಂಸರು ಅರಬ್ಬಿಯ ವ್ಯಾಕರಣ ಕಟ್ಟಿದರು. ಅವರಲ್ಲಿ ಅಗ್ರಗಣ್ಯನಾದ ಸೀಬವೈಹ್ ಹುಟ್ಟಿನಿಂದ ಪರ್ಷಿಯನ್. ಆ ವ್ಯಾಕರಣ ಗ್ರಂಥಸ್ಥವಾದ ಮೇಲೆ ಬರಹದ ಭಾಷೆ ಒಂದು ನೆಲೆಯಲ್ಲಿ ಗಟ್ಟಿಯಾಗಿ ನಿಂತಿತು, ಆಡುವ ಭಾಷೆ ತನ್ನ ಹಾದಿ ಹಿಡಿದು ಸಾಗಿತು. ಹತ್ತೊಂಬತ್ತನೆಯ ಶತಮಾನದ ನಹ್ದಾ ಎಂಬ ನವೋದಯದ ಕಾಲದಲ್ಲಿ ಪತ್ರಿಕೆ, ವಿಜ್ಞಾನ, ಆಡಳಿತಗಳ ಅಗತ್ಯಕ್ಕೆ ತಕ್ಕಂತೆ ಫುಸ್‌ಹಾ ಹೊಸ ಶಬ್ದಗಳನ್ನೂ ಹಗುರವಾದ ವಾಕ್ಯರಚನೆಯನ್ನೂ ಪಡೆಯಿತು. ಬುತ್ರುಸ್ ಅಲ್-ಬುಸ್ತಾನಿ, ನಾಸಿಫ್ ಅಲ್-ಯಾಝಿಜಿಯವರಂಥ ಲೆಬನಾನಿನ ಕ್ರೈಸ್ತ ವಿದ್ವಾಂಸರು ಆ ಕೆಲಸದ ಮುಂಚೂಣಿಯಲ್ಲಿದ್ದರು. ಫುಸ್‌ಹಾ ಎಂದರೆ ಮುಸ್ಲಿಮರ ಧರ್ಮಭಾಷೆ ಮಾತ್ರ ಎಂದು ತಿಳಿಯುವವರು ಇದನ್ನು ನೆನಪಿಡಬೇಕು. 1919ರಲ್ಲಿ ದಮಾಸ್ಕಸ್ಸಿನಲ್ಲಿ, 1932ರಲ್ಲಿ ಕೈರೊದಲ್ಲಿ ಭಾಷಾ ಅಕಾಡೆಮಿಗಳು ಸ್ಥಾಪನೆಯಾದವು.

ಆಡುಮಾತನ್ನೇ ಬರಹದ ಭಾಷೆಯಾಗಿಸಿ ಎಂಬ ಕೂಗು ಎದ್ದಿರಲಿಲ್ಲವೆಂದಲ್ಲ. ಅದನ್ನು ಗಟ್ಟಿಯಾಗಿ ಎತ್ತಿದವರಲ್ಲಿ ಯುರೋಪಿಯನ್ನರೂ ಇದ್ದುದೇ ಅದಕ್ಕೆ ಮುಳುವಾಯಿತು. ಜರ್ಮನ್ ವಿದ್ವಾಂಸ ವಿಲ್ಹೆಲ್ಮ್ ಸ್ಪಿಟ್ಟಾ 1880ರಲ್ಲಿ ಈಜಿಪ್ಟಿನ ಆಡುಮಾತಿಗೆ ವ್ಯಾಕರಣ ಬರೆದ. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ನೀರಾವರಿ ಎಂಜಿನಿಯರ್ ವಿಲಿಯಂ ವಿಲ್ಕಾಕ್ಸ್ ಆಮ್ಮಿಯ್ಯಾದ ಪರವಾಗಿ ಭಾಷಣ ಮಾಡಿದ. ಆಳುವವರು ಅರಬ್ಬರನ್ನು ಅವರ ಪರಂಪರೆಯಿಂದ ಬೇರ್ಪಡಿಸಿ, ಒಬ್ಬರನ್ನೊಬ್ಬರಿಂದ ದೂರಮಾಡಲು ಹೂಡಿದ ಉಪಾಯವಿದು ಎಂಬ ಅನುಮಾನ ಹುಟ್ಟಿತು. ಆ ಅನುಮಾನ ಇಂದಿಗೂ ಪೂರ್ತಿ ಹೋಗಿಲ್ಲ. ಅರಬ್ ಲೀಗಿನ 22 ದೇಶಗಳನ್ನು ಬರಹದ ಮಟ್ಟದಲ್ಲಿ ಒಂದಾಗಿ ಹಿಡಿದಿರುವುದು ಫುಸ್‌ಹಾ ಎಂಬ ಮಾತಂತೂ ನಿಜ.

ಈ ಸ್ಥಿತಿಗೆ ಭಾಷಾಶಾಸ್ತ್ರದಲ್ಲಿ ನೆಲೆನಿಂತ ಹೆಸರು ಡೈಗ್ಲಾಸಿಯಾ. 1930ರಲ್ಲಿ ಫ್ರೆಂಚ್ ವಿದ್ವಾಂಸ ವಿಲಿಯಂ ಮಾರ್ಸೆ ಅರಬ್ಬಿಯ ಬಗ್ಗೆ ಬರೆಯುತ್ತ ಆ ಶಬ್ದ ಬಳಸಿದ್ದರು. 1959ರಲ್ಲಿ ಅಮೆರಿಕದ ಚಾರ್ಲ್ಸ್ ಫರ್ಗ್ಯುಸನ್ ಅದಕ್ಕೆ ಸ್ಪಷ್ಟ ವ್ಯಾಖ್ಯೆ ಕೊಟ್ಟರು. ಅರಬ್ಬಿ, ಗ್ರೀಕ್, ಸ್ವಿಟ್ಜರ್ಲೆಂಡಿನ ಜರ್ಮನ್, ಹೈಟಿಯ ಕ್ರಿಯೋಲ್ ಈ ನಾಲ್ಕನ್ನು ಉದಾಹರಣೆಯಾಗಿ ತೆಗೆದುಕೊಂಡು ಅವರು ‘ಮೇಲಿನ’ ಮತ್ತು ‘ಕೆಳಗಿನ’ ಭಾಷಾರೂಪಗಳು ಕೆಲಸ ಹಂಚಿಕೊಂಡಿರುವುದನ್ನು ತೋರಿಸಿದರು. ಧರ್ಮೋಪದೇಶ, ಸಂಸತ್ತಿನ ಭಾಷಣ, ವಿಶ್ವವಿದ್ಯಾಲಯದ ಉಪನ್ಯಾಸ, ಸುದ್ದಿ, ಸಂಪಾದಕೀಯ ಮೇಲಿನದಕ್ಕೆ ಸೇರಿದವು. ಮನೆಮಂದಿ-ಗೆಳೆಯರ ಮಾತುಕತೆ, ಕೆಲಸದಾಳಿಗೆ ಹೇಳುವ ಮಾತು, ರೇಡಿಯೊ ಧಾರಾವಾಹಿ, ಜನಪದ ಸಾಹಿತ್ಯ ಕೆಳಗಿನದಕ್ಕೆ. ಪತ್ರಿಕೆಯೊಂದರ ಒಂದೇ ಪುಟದಲ್ಲಿ ಸಂಪಾದಕೀಯ ಫುಸ್‌ಹಾದಲ್ಲಿದ್ದರೆ ಪಕ್ಕದ ರಾಜಕೀಯ ವ್ಯಂಗ್ಯಚಿತ್ರದ ಅಡಿಬರಹ ಆಮ್ಮಿಯ್ಯಾದಲ್ಲಿರುತ್ತದೆ. ಜಾಗ ತಪ್ಪಿ ಬಳಸಿದವನು ನಗೆಪಾಟಲಾಗುತ್ತಾನೆ. ಸಂತೆಯಲ್ಲಿ ವಿಭಕ್ತಿ ಪ್ರತ್ಯಯ ಹಚ್ಚಿ ಟೊಮ್ಯಾಟೊ ಕೇಳುವವನು ಈಜಿಪ್ಟಿನ ಸಿನಿಮಾಗಳಲ್ಲಿ ಹಾಸ್ಯಪಾತ್ರ. ಗಾಂಭೀರ್ಯದ ವೇದಿಕೆಯಲ್ಲಿ ಬರಿಯ ಮನೆಮಾತಾಡುವವನು ಓದಿಲ್ಲದವನಂತೆ ಕಾಣುತ್ತಾನೆ.

ಫರ್ಗ್ಯುಸನ್ ಅವರ ಪಟ್ಟಿ ಕಣ್ಣು ತೆರೆಸುವಂಥದು. ಆದರೆ ಜನ ಮಾತಾಡುವುದನ್ನು ಧ್ವನಿಮುದ್ರಿಸಿ ಕೇಳತೊಡಗಿದಾಗ ಎರಡೇ ಖಾನೆ ಸಾಲದೆಂದು ಗೊತ್ತಾಯಿತು. ಕೈರೊದ ಭಾಷಾವಿಜ್ಞಾನಿ ಅಲ್-ಸಈದ್ ಬದವಿ 1973ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಈಜಿಪ್ಟಿನ ಅರಬ್ಬಿಯನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸಿದರು. ತುತ್ತತುದಿಯಲ್ಲಿ ಪರಂಪರೆಯ ಫುಸ್‌ಹಾ, ಅದರ ಕೆಳಗೆ ಇಂದಿನ ಪತ್ರಿಕೆ-ಸುದ್ದಿಗಳ ಫುಸ್‌ಹಾ, ನಡುವೆ ಸುಶಿಕ್ಷಿತರ ಆಡುಮಾತು, ಆಮೇಲೆ ಅಷ್ಟಿಷ್ಟು ಓದಿದವರ ಆಡುಮಾತು, ತಳದಲ್ಲಿ ಅನಕ್ಷರಸ್ಥರ ಆಡುಮಾತು. ಒಬ್ಬ ಮನುಷ್ಯ ಒಂದೇ ಮೆಟ್ಟಿಲ ಮೇಲೆ ನಿಂತಿರುವುದಿಲ್ಲ, ಒಂದೇ ಮಾತಿನ ನಡುವೆ ಹತ್ತಿ ಇಳಿಯುತ್ತಾನೆ ಎಂಬುದನ್ನು ಅವರು ಒತ್ತಿ ಹೇಳಿದರು. ಈ ನಡುವಿನ ಮೆಟ್ಟಿಲೇ ಇಂದಿನ ಅರಬ್ ಜಗತ್ತಿನಲ್ಲಿ ಅತ್ಯಂತ ಚಟುವಟಿಕೆಯ ಜಾಗ. ಟೀವಿ ಸಂದರ್ಶನ, ಕಚೇರಿ ಸಭೆ, ವೈದ್ಯರ ವಿವರಣೆ, ಕ್ರೀಡಾ ವಿಶ್ಲೇಷಣೆ ಎಲ್ಲವೂ ಅಲ್ಲಿಯೇ ನಡೆಯುತ್ತವೆ. ಶಬ್ದಗಳು ಫುಸ್‌ಹಾದವು, ವಿಭಕ್ತಿಗಳು ಮಾಯ, ನಿಷೇಧರೂಪ ಮತ್ತು ಸರ್ವನಾಮಗಳು ಮನೆಯವು.

ಮಸೀದಿಯ ಶುಕ್ರವಾರದ ಪ್ರವಚನ ಫುಸ್‌ಹಾದಲ್ಲಿ ಶುರುವಾಗುತ್ತದೆ. ಕುರಾನಿನ ವಾಕ್ಯ, ಪ್ರವಾದಿಯ ವಚನ, ಪ್ರಾರ್ಥನೆ ಅದರಲ್ಲಿಯೇ ಇರಬೇಕು. ಅರ್ಥ ಬಿಡಿಸುವಾಗ, ನೆರೆಹೊರೆಯ ಉದಾಹರಣೆ ಕೊಡುವಾಗ ಅನೇಕ ಪ್ರವಚನಕಾರರು ಆಡುಮಾತಿಗೆ ಇಳಿಯುತ್ತಾರೆ. ಈಜಿಪ್ಟಿನ ಶೇಖ್ ಮುತವಲ್ಲಿ ಅಲ್-ಶಅರಾವಿ ದೂರದರ್ಶನದಲ್ಲಿ ವರ್ಷಗಟ್ಟಲೆ ಕುರಾನ್ ವ್ಯಾಖ್ಯಾನ ಮಾಡಿದ್ದು ಹೀಗೆಯೇ. ವಾಕ್ಯವನ್ನು ಶುದ್ಧ ಫುಸ್‌ಹಾದಲ್ಲಿ ಪಠಿಸಿ, ಹಳ್ಳಿಯ ಸೊಗಡಿನ ಮಾತಿನಲ್ಲಿ ಅದನ್ನು ಬಿಡಿಸುತ್ತಿದ್ದರು. ಓದಿಲ್ಲದವರೂ ಅವರ ಮುಂದೆ ಕೂತು ಕೇಳಿದ್ದಕ್ಕೆ ಆ ಇಳಿದಾಟವೇ ಕಾರಣ. ನ್ಯಾಯಾಲಯದಲ್ಲೂ ಹೀಗೆಯೇ: ವಕೀಲರ ವಾದ, ತೀರ್ಪು, ದಾಖಲೆ ಫುಸ್‌ಹಾದಲ್ಲಿ, ಸಾಕ್ಷಿಯನ್ನು ಪ್ರಶ್ನಿಸುವುದು ಸಾಕ್ಷಿಯ ಮಾತಿನಲ್ಲಿ. ತರಗತಿಯಲ್ಲಿ ಪಾಠ ಓದುವುದು ಫುಸ್‌ಹಾ, ವಿವರಿಸುವುದು ಬಹುಪಾಲು ಮಿಶ್ರ, ಗದ್ದಲ ಮಾಡುವ ಹುಡುಗನನ್ನು ಗದರುವುದು ಆಮ್ಮಿಯ್ಯಾ.

ಹೀಗಾಗಿ ಸಂದರ್ಭ ಎಂದರೆ ಸ್ಥಳ ಮಾತ್ರವಲ್ಲ. ಒಂದೇ ಸ್ಥಳದಲ್ಲಿ, ಒಂದೇ ಶ್ರೋತೃಗಳ ಮುಂದೆ, ಹೇಳುವವನು ಆ ಕ್ಷಣಕ್ಕೆ ಏನು ಮಾಡಬಯಸುತ್ತಾನೆ ಎಂಬುದೂ ಭಾಷೆಯನ್ನು ಬದಲಿಸುತ್ತದೆ. ಉಲ್ಲೇಖ, ಒತ್ತು, ತತ್ತ್ವ, ‘ನಾವೆಲ್ಲ ಅರಬ್ಬರು’ ಎಂಬ ಭಾವನೆ ಬಂದಾಗ ಮಾತು ಮೇಲೇರುತ್ತದೆ. ಉದಾಹರಣೆ, ತಮಾಷೆ, ಗಾದೆ, ಬೈಗುಳ, ಒಳಗುಟ್ಟು ಬಂದಾಗ ಕೆಳಗಿಳಿಯುತ್ತದೆ.

ರಾಜಕೀಯ ಭಾಷಣಗಳಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. 1956ರ ಜುಲೈ 26ರಂದು ಅಲೆಕ್ಸಾಂಡ್ರಿಯಾದಲ್ಲಿ ಈಜಿಪ್ಟಿನ ಅಧ್ಯಕ್ಷ ಗಮಾಲ್ ಅಬ್ದೆಲ್ ನಾಸರ್ ಮಾಡಿದ ಭಾಷಣವನ್ನು ನೋಡಬಹುದು. ಅಸ್ವಾನ್ ಅಣೆಕಟ್ಟೆಯ ಸಾಲಕ್ಕಾಗಿ ವಿಶ್ವಬ್ಯಾಂಕಿನ ಅಧ್ಯಕ್ಷ ಯೂಜೀನ್ ಬ್ಲ್ಯಾಕ್ ಜತೆ ನಡೆದ ಮಾತುಕತೆಯನ್ನು ಅವರು ಚಹಾದಂಗಡಿಯಲ್ಲಿ ಕತೆ ಹೇಳುವಂತೆ ಆಮ್ಮಿಯ್ಯಾದಲ್ಲಿ ಹೇಳಿದರು. ಬ್ಲ್ಯಾಕ್‌ನನ್ನು ನೋಡಿದರೆ ಸೂಯೆಜ್ ಕಾಲುವೆ ತೋಡಿಸಿದ ಫರ್ಡಿನೆಂಡ್ ದ ಲೆಸೆಪ್ಸ್ ನೆನಪಾಗುತ್ತಾನೆ ಎಂದರು. ಕಾಲುವೆ ಕಂಪನಿಯ ಕಚೇರಿಗಳನ್ನು ವಶಪಡಿಸಿಕೊಳ್ಳಲು ಕಾದಿದ್ದ ತಂಡಗಳಿಗೆ ಆ ಹೆಸರೇ ಸಂಕೇತವಾಗಿತ್ತು. ಜನರು ಚಪ್ಪಾಳೆ ತಟ್ಟಿ ನಕ್ಕರು. ಆದರೆ ಕಂಪನಿಯನ್ನು ರಾಷ್ಟ್ರೀಕರಿಸುವ ಆಜ್ಞೆ ಓದುವ ಗಳಿಗೆ ಬಂದಾಗ ಭಾಷೆ ಕಾನೂನಿನ ಫುಸ್‌ಹಾಕ್ಕೆ ಬದಲಾಯಿತು. ಕತೆ ಹೇಳಿದ್ದು ಜನರ ನಡುವಿನ ಒಬ್ಬ. ಆಜ್ಞೆ ಓದಿದ್ದು ಗಣರಾಜ್ಯದ ಅಧ್ಯಕ್ಷ. ನಾಸರ್ ಭಾಷಣಗಳನ್ನು ಅಧ್ಯಯನ ಮಾಡಿದ ಬ್ರಿಟಿಷ್ ವಿದ್ವಾಂಸ ಕ್ಲೈವ್ ಹೋಲ್ಸ್, ತತ್ತ್ವವನ್ನೋ ಆದರ್ಶವನ್ನೋ ಘೋಷಿಸುವಾಗ ಫುಸ್‌ಹಾ, ಅದನ್ನು ಜನರ ಬದುಕಿಗೆ ತಂದು ವಿವರಿಸುವಾಗ ಆಡುಮಾತು ಎಂಬ ಕ್ರಮವನ್ನು ಅವುಗಳಲ್ಲಿ ಗುರುತಿಸಿದ್ದಾರೆ. ನಾಸರ್ ಎಷ್ಟು ದೊಡ್ಡ ಮಾತುಗಾರನೆಂಬುದಕ್ಕೆ ಅವರ ಧ್ವನಿಗಿಂತ ಈ ಹತ್ತಿಳಿಯುವಿಕೆಯ ಹದವೇ ಹೆಚ್ಚಿನ ಸಾಕ್ಷಿ.

ಟ್ಯುನೀಷಿಯಾದಲ್ಲಿ ಇದೇ ಉಪಾಯ ಫಲ ಕೊಡಲಿಲ್ಲ. 23 ವರ್ಷ ಆಳಿದ ಝೈನ್ ಅಲ್-ಆಬಿದೀನ್ ಬೆನ್ ಅಲಿ ದೇಶವನ್ನುದ್ದೇಶಿಸಿ ಮಾತಾಡುತ್ತಿದ್ದುದು ಸಿದ್ಧಪಡಿಸಿದ ಫುಸ್‌ಹಾದಲ್ಲಿ. ಅವರ ಆಳ್ವಿಕೆಯ ವಿರುದ್ಧ ದಂಗೆಯೆದ್ದು ಬೀದಿಗಳಲ್ಲಿ ಜನ ಸಾಯುತ್ತಿದ್ದ 2011ರ ಜನವರಿ 13ರ ರಾತ್ರಿ ದೂರದರ್ಶನದಲ್ಲಿ ಅವರು ಟ್ಯುನೀಷಿಯಾದ ದಾರಿಜಾದಲ್ಲಿ ಮಾತಾಡಿದರು. ‘ನಿಮ್ಮನ್ನು ಅರ್ಥಮಾಡಿಕೊಂಡಿದ್ದೇನೆ’ ಎಂದು ಮತ್ತೆ ಮತ್ತೆ ಹೇಳಿದರು. ಮರುದಿನವೇ ದೇಶ ಬಿಟ್ಟು ಓಡಿಹೋಗಬೇಕಾಯಿತು. ಮನೆಮಾತಿಗೆ ಇಳಿಯುವುದು ಹತ್ತಿರ ಬರುವ ಕ್ರಮ. ಹತ್ತಿರ ಬರುವ ಹಕ್ಕನ್ನು ಕಳೆದುಕೊಂಡವನ ಬಾಯಲ್ಲಿ ಅದೇ ಮಾತು ಭಯದ ಗುರುತಾಗಿ ಕೇಳಿಸಿತು. ಅದೇ ದೇಶದ ಮೊದಲ ಅಧ್ಯಕ್ಷ ಹಬೀಬ್ ಬೂರ್ಗಿಬಾ ದಾರಿಜಾವನ್ನು ಧಾರಾಳವಾಗಿ ಬಳಸಿಯೇ ಜನರನ್ನು ಹಿಡಿದಿಟ್ಟಿದ್ದರು ಎಂಬುದನ್ನು ನೆನೆದರೆ, ಭಾಷೆಯ ಬೆಲೆ ಯಾರು ಯಾವಾಗ ಆಡುತ್ತಾರೆ ಎಂಬುದರ ಮೇಲೆ ನಿಂತಿದೆ ಎನ್ನುವುದು ಸ್ಪಷ್ಟ.

ಫುಸ್‌ಹಾ ಒಂದೇ ಗೌರವದ ಭಾಷೆ ಎಂಬ ಎಣಿಕೆಯೂ ತಪ್ಪು. ಇದನ್ನು ತಿಳಿಯಲು ‘ಖಾಫ್’ ಎಂಬ ಒಂದೇ ಅಕ್ಷರವನ್ನು ಹಿಂಬಾಲಿಸಿದರೆ ಸಾಕು. ಗಂಟಲ ಒಳಭಾಗದಿಂದ ಬರುವ ಈ ಕಕಾರ ಫುಸ್‌ಹಾದ ಹೆಗ್ಗುರುತು. ಕೈರೊ, ದಮಾಸ್ಕಸ್, ಬೈರೂತ್ ನಗರಗಳಲ್ಲಿ ಅದು ಬರಿಯ ಗಂಟಲ ತಡೆಯಾಗಿದೆ. ದಕ್ಷಿಣ ಈಜಿಪ್ಟಿನಲ್ಲಿ, ಮರುಭೂಮಿಯ ಬದೂವಿಗಳಲ್ಲಿ, ಕೊಲ್ಲಿಯಲ್ಲಿ ಅದು ಗಕಾರ. ಜೋರ್ಡಾನಿನ ರಾಜಧಾನಿ ಅಮ್ಮಾನಿನಲ್ಲಿ ಎರಡೂ ಕೂಡಿವೆ. ಅಲ್ಲಿಯ ಹೆಣ್ಣುಮಕ್ಕಳು ನಗರದ ನಯವೆಂದು ಗಂಟಲ ತಡೆಯನ್ನು ಆರಿಸಿಕೊಂಡರೆ, ಗಂಡುಹುಡುಗರು ಗೆಳೆಯರ ಗುಂಪಿನಲ್ಲಿ ಗಂಡಸುತನದ ಗುರುತಾಗಿ ಗಕಾರಕ್ಕೆ ವಾಲುತ್ತಾರೆ ಎಂದು ಇನಾಮ್ ಅಲ್-ವೇರ್ ಮೊದಲಾದವರ ಅಧ್ಯಯನಗಳು ತೋರಿಸಿವೆ. ಫುಸ್‌ಹಾದ ಖಾಫ್ ಇಬ್ಬರ ಆಯ್ಕೆಯೂ ಅಲ್ಲ. ಕೈರೊದಲ್ಲಿ ನಿಲೂಫರ್ ಹೇರಿ ನಡೆಸಿದ ಅಧ್ಯಯನದಲ್ಲಿ ಓದಿದ ಹೆಂಗಸರು ಅಷ್ಟೇ ಓದಿದ ಗಂಡಸರಿಗಿಂತ ಖಾಫ್ ಅನ್ನು ಕಡಿಮೆ ಬಳಸುತ್ತಿದ್ದರು. ಪಶ್ಚಿಮದ ನಗರಗಳಲ್ಲಿ ಹೆಂಗಸರೇ ಶಿಷ್ಟರೂಪಕ್ಕೆ ಹೆಚ್ಚು ಹತ್ತಿರ ಎಂದು ಕಂಡುಕೊಂಡಿದ್ದ ವಿದ್ವಾಂಸರಿಗೆ ಇದು ಒಗಟಾಗಿತ್ತು. ನಗರದ ಆಡುಮಾತಿಗೆ ಅದರದೇ ಪ್ರತಿಷ್ಠೆಯಿದೆ, ಅದು ಫುಸ್‌ಹಾದಿಂದ ಎರವಲು ಬಂದದ್ದಲ್ಲ ಎಂದು ಮುಹಮ್ಮದ್ ಇಬ್ರಾಹಿಂ 1986ರಲ್ಲಿ ವಾದಿಸಿ ಆ ಒಗಟನ್ನು ಬಿಡಿಸಿದರು.

ಬಾಗ್ದಾದಿನ ಕತೆ ಇನ್ನೂ ಬೆರಗು ಹುಟ್ಟಿಸುತ್ತದೆ. ಭಾಷಾವಿಜ್ಞಾನಿ ಹಾಯಿಮ್ ಬ್ಲಾಂಕ್ 1964ರ ತಮ್ಮ ಕೃತಿಯಲ್ಲಿ ಆ ನಗರದ ಮುಸ್ಲಿಮರು, ಕ್ರೈಸ್ತರು, ಯಹೂದಿಗಳು ಮೂರು ಬಗೆಯ ಆಡುಮಾತಾಡುತ್ತಿದ್ದುದನ್ನು ದಾಖಲಿಸಿದರು. ‘ನಾನು ಹೇಳಿದೆ’ ಎನ್ನಲು ಮುಸ್ಲಿಮರದು ಗಕಾರದ ‘ಗಿಲಿತ್’, ಉಳಿದಿಬ್ಬರದು ಖಾಫ್ ಉಳಿಸಿಕೊಂಡ ‘ಕಿಲ್ತು’. ಫುಸ್‌ಹಾಕ್ಕೆ ಹತ್ತಿರವಿದ್ದುದು ಅಲ್ಪಸಂಖ್ಯಾತರ ಮಾತೇ. ಆದರೂ ಕ್ರೈಸ್ತರು ಬೀದಿಗೆ ಬಂದಾಗ ಮುಸ್ಲಿಮರ ‘ಗಿಲಿತ್’ ಮಾತಿಗೆ ಹೊರಳುತ್ತಿದ್ದರು, ಮನೆಯೊಳಗೆ ತಮ್ಮದನ್ನು ಆಡುತ್ತಿದ್ದರು. ವ್ಯಾಕರಣದ ಶುದ್ಧಿಗಿಂತ ಸಮಾಜದ ಬಲ ದೊಡ್ಡದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಬೇರೆ ಬೇರೆ ನಾಡಿನ ಅರಬ್ಬರು ಸೇರಿದಾಗ ಫುಸ್‌ಹಾವೇ ಸೇತುವೆಯಾಗುತ್ತದೆ ಎಂದು ಹೊರಗಿನವರು ಊಹಿಸುತ್ತಾರೆ. ನಡೆಯುವುದು ಹಾಗಲ್ಲ. ಪ್ರತಿಯೊಬ್ಬರೂ ತಂತಮ್ಮ ಊರಿನ ಗಾಢವಾದ ಶಬ್ದಗಳನ್ನು ಬಿಟ್ಟು, ಎಲ್ಲರಿಗೂ ತಿಳಿಯುವ ರೂಪಗಳನ್ನು ಆರಿಸಿಕೊಂಡು, ಅಲ್ಲಲ್ಲಿ ಫುಸ್‌ಹಾದ ಶಬ್ದ ಸೇರಿಸಿ ಮಾತಾಡುತ್ತಾರೆ. ಈ ಹೊಂದಾಣಿಕೆಯ ಭಾರ ಸಮನಾಗಿ ಹಂಚಿಹೋಗುವುದಿಲ್ಲ. ಈಜಿಪ್ಟಿನವನು ತನ್ನ ಮಾತನ್ನು ಅಷ್ಟಾಗಿ ಬದಲಿಸುವುದಿಲ್ಲ; ಮೊರಾಕ್ಕೊ, ಟ್ಯುನೀಷಿಯಾದವರು ಪೂರ್ವದ ಕಡೆಗೆ ಬಹಳ ವಾಲುತ್ತಾರೆ. 1930ರ ದಶಕದಿಂದ ಕೈರೊದ ಸಿನಿಮಾ ಮತ್ತು ಹಾಡುಗಳು ಈಜಿಪ್ಟಿನ ಆಮ್ಮಿಯ್ಯಾವನ್ನು ಎಲ್ಲರ ಕಿವಿಗೂ ಮುಟ್ಟಿಸಿವೆ. ಮಘ್ರಿಬಿನ, ಅಂದರೆ ಆ ಪಶ್ಚಿಮದ ನಾಡುಗಳ, ಮಾತಿಗೆ ಅಂಥ ಅವಕಾಶ ಸಿಗಲಿಲ್ಲ. ಗಾಯಕಿ ಉಮ್ ಕುಲ್ಸೂಮ್ 1964ರಲ್ಲಿ ‘ಇನ್ತಾ ಉಮ್ರಿ’ಯನ್ನು ಆಮ್ಮಿಯ್ಯಾದಲ್ಲೂ 1966ರಲ್ಲಿ ‘ಅಲ್-ಅತ್ಲಾಲ್’ ಅನ್ನು ಫುಸ್‌ಹಾದಲ್ಲೂ ಹಾಡಿದರು. ಎರಡಕ್ಕೂ ಅರಬ್ ಜಗತ್ತು ಒಂದೇ ಬಗೆಯಲ್ಲಿ ತಲೆದೂಗಿತು.

ಪರದೆಯ ಮೇಲೆ ಕಾಲದ ದೂರವೂ ಭಾಷೆಯನ್ನು ನಿರ್ಧರಿಸುತ್ತದೆ. ಇಂದಿನ ಸಂಸಾರದ ಕತೆ ಆಡುಮಾತಿನಲ್ಲಿ, ಇತಿಹಾಸದ ಧಾರಾವಾಹಿ ಫುಸ್‌ಹಾದಲ್ಲಿ. 1990ರ ದಶಕದಲ್ಲಿ ಮೆಕ್ಸಿಕೊದ ಧಾರಾವಾಹಿಗಳು ಫುಸ್‌ಹಾಕ್ಕೆ ಡಬ್ ಆಗಿ ಬಂದವು. 2008ರಲ್ಲಿ ಟರ್ಕಿಯ ‘ನೂರ್’ ಸಿರಿಯಾದ ಆಡುಮಾತಿಗೆ ಡಬ್ ಆದಾಗ ಪಾತ್ರಗಳು ಏಕಾಏಕಿ ಮನೆಯವರಾದವು, ಧಾರಾವಾಹಿ ಮನೆಮಾತಾಯಿತು. ದಶಕಗಳ ಕಾಲ ಈಜಿಪ್ಟಿನ ಆಮ್ಮಿಯ್ಯಾದಲ್ಲಿ ಬರುತ್ತಿದ್ದ ಡಿಸ್ನಿ ಚಿತ್ರಗಳು ಆಮೇಲೆ ಫುಸ್‌ಹಾಕ್ಕೆ ಹೊರಳಿ, 2013ರ ‘ಫ್ರೋಝನ್’ ಫುಸ್‌ಹಾದ ಹಾಡುಗಳೊಂದಿಗೆ ಬಂದಾಗ ದೊಡ್ಡ ಚರ್ಚೆಯೇ ನಡೆಯಿತು.

ಸಾಹಿತಿಗಳು ಈ ವಿಷಯದಲ್ಲಿ ಒಮ್ಮತಕ್ಕೆ ಬಂದೇ ಇಲ್ಲ. 1913ರಲ್ಲಿ ಪ್ರಕಟವಾದ ಹುಸೇನ್ ಹೈಕಲ್ ಅವರ ‘ಝೈನಬ್’ ಕಾದಂಬರಿಯ ಸಂಭಾಷಣೆಗಳು ಆಮ್ಮಿಯ್ಯಾದಲ್ಲಿವೆ. ಸಣ್ಣಕತೆಗಾರ ಯೂಸುಫ್ ಇದ್ರೀಸ್ ಅದೇ ದಾರಿ ಹಿಡಿದಾಗ ಹಿರಿಯರಾದ ತಾಹಾ ಹುಸೇನ್ ಆಕ್ಷೇಪಿಸಿದರು. 1988ರ ನೊಬೆಲ್ ಪಡೆದ ನಗೀಬ್ ಮಹಫೂಝ್ ಕೈರೊದ ಗಲ್ಲಿಗಳನ್ನು ಚಿತ್ರಿಸಿದರೂ ಅಲ್ಲಿಯ ಪಾತ್ರಗಳ ಬಾಯಲ್ಲಿ ಫುಸ್‌ಹಾವನ್ನೇ ಆಡಿಸಿದರು. ಆ ಫುಸ್‌ಹಾದ ಲಯ ಮಾತ್ರ ಗಲ್ಲಿಯದೇ. ನಾಟಕಕಾರ ತೌಫೀಕ್ ಅಲ್-ಹಕೀಮ್ ಎರಡೂ ರೀತಿಯಲ್ಲಿ ಓದಿಕೊಳ್ಳಬಹುದಾದ ‘ಮೂರನೆಯ ಭಾಷೆ’ಯೊಂದನ್ನು ರೂಪಿಸಲು ಯತ್ನಿಸಿದರು. ಬರಹದಲ್ಲಿ ಆಡುಮಾತು ಇಂದು ತಲೆಯೆತ್ತಿರುವುದು ಮುಖ್ಯವಾಗಿ ಮೊಬೈಲ್ ಪರದೆಯಲ್ಲಿ. ಅರಬ್ಬಿ ಕೀಲಿಮಣೆ ಸಿಗದಿದ್ದ ದಿನಗಳಲ್ಲಿ ಯುವಜನರು ರೋಮನ್ ಲಿಪಿಯಲ್ಲಿ ಬರೆಯುತ್ತ, ಅದರಲ್ಲಿಲ್ಲದ ಧ್ವನಿಗಳಿಗೆ 2, 3, 7 ಎಂಬ ಅಂಕಿಗಳನ್ನು ಬಳಸಿಕೊಂಡರು. ಇಂದು ಅರಬ್ಬಿ ಲಿಪಿಯಲ್ಲೇ, ಯಾರೂ ಗೊತ್ತುಮಾಡದ ಕಾಗುಣಿತದಲ್ಲಿ ಕೋಟ್ಯಂತರ ಜನ ಆಡುಮಾತು ಬರೆಯುತ್ತಿದ್ದಾರೆ. ಅದೇ ಜನ ನೌಕರಿಯ ಅರ್ಜಿಯನ್ನು ಫುಸ್‌ಹಾದಲ್ಲಿ ಬರೆಯುತ್ತಾರೆ.

ಈ ಇಬ್ಬಗೆಗೆ ತೆರಬೇಕಾದ ಬೆಲೆಯೂ ಇದೆ, ಅದನ್ನು ತೆರುವವರು ಮಕ್ಕಳು. ಪ್ಯಾಲೆಸ್ಟೀನಿ ಅರಬ್ಬಿಯಾಡುವ ಐದು ವರ್ಷದ ಮಕ್ಕಳ ಶಬ್ದಸಂಪತ್ತನ್ನು ಎಲಿನಾರ್ ಸೈಗ್-ಹದ್ದಾದ್ ಮತ್ತು ಬರ್ನಾರ್ಡ್ ಸ್ಪೋಲ್ಸ್ಕಿ ಪರೀಕ್ಷಿಸಿದಾಗ ಫುಸ್‌ಹಾದಲ್ಲಿ ಅದೇ ರೂಪದಲ್ಲಿರುವ ಶಬ್ದಗಳು ಐದರಲ್ಲಿ ಒಂದು ಪಾಲಿನಷ್ಟು ಮಾತ್ರ ಕಂಡವು. ಉಳಿದವು ರೂಪ ಬದಲಿಸಿದವು ಇಲ್ಲವೇ ಪೂರ್ತಿ ಬೇರೆಯವು. ಅಕ್ಷರ ಕಲಿಯುವ ಹೊತ್ತಿಗೇ ಮಗು ಹೊಸ ಭಾಷಾರೂಪವನ್ನೂ ಕಲಿಯಬೇಕು. ಮೊರಾಕ್ಕೊದಲ್ಲಿ 2013ರಲ್ಲಿ ಮೊದಲ ತರಗತಿಗಳಲ್ಲಿ ದಾರಿಜಾ ಬಳಸುವ ಸಲಹೆ ಬಂದಾಗ ಹಿರಿಯ ಚಿಂತಕ ಅಬ್ದುಲ್ಲಾ ಲರೂಯಿ ವಿರೋಧಿಸಿದರು. 2018ರಲ್ಲಿ ಪಠ್ಯಪುಸ್ತಕವೊಂದರಲ್ಲಿ ತಿಂಡಿಗಳ ದಾರಿಜಾ ಹೆಸರುಗಳು ಬಂದದ್ದಕ್ಕೇ ದೇಶವ್ಯಾಪಿ ಕೋಲಾಹಲವಾಯಿತು. ಎರಡೂ ಪಕ್ಷಗಳಲ್ಲಿ ನ್ಯಾಯವಿದೆ. ಆದರೆ ಮಗುವಿನ ಬಾಯಲ್ಲಿರುವ ಮಾತನ್ನು ಕೆಟ್ಟ ಅರಬ್ಬಿ ಎಂದು ತಿದ್ದುವುದರಿಂದ ಓದು ಹತ್ತುವುದಿಲ್ಲ. ಮನೆಯ ರೂಪದಿಂದ ಶಾಲೆಯ ರೂಪಕ್ಕೆ ಹೆಜ್ಜೆಹೆಜ್ಜೆಯಾಗಿ ಕರೆದೊಯ್ಯಬೇಕು.

ಕನ್ನಡನಾಡಿಗೂ ಈ ವಿಷಯ ದೂರದ್ದಲ್ಲ. ಭಟ್ಕಳ, ಉಡುಪಿ, ಮಂಗಳೂರುಗಳಿಂದ ಕೊಲ್ಲಿಗೆ ದುಡಿಯಲು ಹೋದವರಲ್ಲಿ ಮದರಸಾದಲ್ಲಿ ಕುರಾನ್ ಪಠಣ ಕಲಿತವರು ಅನೇಕರಿದ್ದಾರೆ. ದುಬೈಯ ಅಂಗಡಿಯಲ್ಲಿ, ದಮ್ಮಾಮಿನ ಕಟ್ಟಡದ ಕೆಲಸದಲ್ಲಿ ಕಿವಿಗೆ ಬೀಳುವ ಅರಬ್ಬಿ ಅದಲ್ಲ. ಹಲವು ದೇಶದ ಕೂಲಿಗಳು ಸೇರಿ ಕಟ್ಟಿಕೊಂಡ, ‘ಇದೆ’ಗೆ ‘ಫಿ’, ‘ಇಲ್ಲ’ಕ್ಕೆ ‘ಮಾಫಿ’ ಎನ್ನುವ ಮುರುಕು ಅರಬ್ಬಿಯಂತೂ ಮೂರನೆಯದೇ ಒಂದು ಬಗೆ. ಅಲ್ಲಿಗೆ ಹೊರಡುವವರು, ಅರಬ್ಬಿ ಕಲಿಯಬಯಸುವವರು ಓದು-ಬರಹಕ್ಕೆ ಫುಸ್‌ಹಾವನ್ನೂ ಮಾತಿಗೆ ತಾವು ಇರಲಿರುವ ನಾಡಿನ ಆಡುಮಾತನ್ನೂ ಮೊದಲ ದಿನದಿಂದಲೇ ಜತೆಜತೆಯಾಗಿ ಕಲಿಯುವುದು ಒಳ್ಳೆಯದು. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಈಗ ಅರಬ್ಬಿಯನ್ನು ಕಲಿಸುತ್ತಿರುವುದು ಹಾಗೆಯೇ.